ನಾಳೆ ಸಂಪಾದಿಸುವವನಿಗೆ ಇಂದು ನೆರವೇಕೆ?

ವಿದ್ಯಾರ್ಥಿವೇತನದ ವಿಷಯ ಚರ್ಚೆಗೆ ಬಂದಾಗಲೆಲ್ಲ ಸಂಘ-ಸಂಸ್ಥೆಗಳ ಕಾರ್ಯಕಾರೀ ಸಮಿತಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಹತ್ತನೆಯ ತರಗತಿಯ ಬಡ ಹುಡುಗನಿಗೆ ಪುಸ್ತಕ ಕೊಡಿಸುವುದು ಸರಿ. ನರ್ಸಿಂಗ್ ತರಬೇತಿಗೆ ಹೋಗುವ ಹುಡುಗಿಯ ಶುಲ್ಕ ಕಟ್ಟುವುದೂ ಸರಿ. ಆದರೆ ಎಂ.ಬಿ.ಎ. ಓದುವವನಿಗೆ ಏಕೆ ಕೊಡಬೇಕು? ಒಳ್ಳೆಯ ಸಂಸ್ಥೆಯಲ್ಲಿ ಎರಡು ವರ್ಷ ಕಳೆದು ಹೊರಬಂದರೆ ಅವನ ಆರಂಭದ ಸಂಬಳವೇ ನಮ್ಮಲ್ಲಿ ಅನೇಕರ ನಿವೃತ್ತಿ ಕಾಲದ ಸಂಬಳವನ್ನು ಮೀರಿಸುತ್ತದೆ. ಅವನಿಗೆ ಸಾಲ ಕೊಡಲು ಬ್ಯಾಂಕುಗಳು ಸಿದ್ಧವಾಗಿವೆ. ಹೀಗಿರುವಾಗ ಅವನಿಗೆ ಕೊಡುವ ಹಣ ತುಂಬಿದ ಕೆರೆಗೆ ಹೊಯ್ದ ನೀರಲ್ಲವೆ?

ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದೇ ಹಣದಲ್ಲಿ ಆಸ್ಪತ್ರೆಗೆ ಒಂದು ಯಂತ್ರ ಕೊಡಿಸಬಹುದು, ಊರಿನ ಶಾಲೆಗೆ ಮಾಡು ಹೊದಿಸಬಹುದು. ಆದರೂ ಜಗತ್ತಿನ ಅನೇಕ ಕಡೆಗಳಲ್ಲಿ ದಾನಿಗಳು ವ್ಯವಹಾರ ನಿರ್ವಹಣೆಯನ್ನು ಕಲಿಸುವ ವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಉದಾರವಾಗಿ ಕೊಡುತ್ತ ಬಂದಿದ್ದಾರೆ. ಕೊಡುವವರಲ್ಲಿ ಹೆಚ್ಚಿನವರು ಲೆಕ್ಕಾಚಾರದಲ್ಲಿ ಪಳಗಿದ ಉದ್ಯಮಿಗಳು, ಬ್ಯಾಂಕರುಗಳು. ಒಂದು ರೂಪಾಯಿ ಹೂಡಿದರೆ ಅದು ಏನಾಗುತ್ತದೆಂದು ವಿಚಾರಿಸುವ ಸ್ವಭಾವದವರು. ಅಂಥವರು ಇಲ್ಲಿ ಏನು ಕಂಡರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕುರಿತು ವೈದ್ಯ ಮಿತ್ರರು ಬರೆಯುವ ಲೇಖನಗಳ ನಡುವೆ ಹಣದ ಮಾತನ್ನು ತಂದುದಕ್ಕೆ ವಾಚಕರು ಕ್ಷಮಿಸಬೇಕು. ಸಾಲದ ಕಂತೂ ನಿದ್ರೆಯನ್ನು ಕೆಡಿಸುವ ಒಂದು ವ್ಯಾಧಿಯೇ ಎಂಬುದನ್ನು ಬ್ಯಾಂಕಿನ ಮೇಜಿನ ಈಚೆ ಕುಳಿತವರು ಚೆನ್ನಾಗಿ ಬಲ್ಲರು.

ಮೊದಲು ಸ್ವಲ್ಪ ಇತಿಹಾಸ. ವಿಶ್ವವಿದ್ಯಾಲಯದ ಮಟ್ಟದಲ್ಲಿ ವ್ಯವಹಾರವನ್ನು ಕಲಿಸುವ ಶಾಲೆಯೊಂದು ಅಮೆರಿಕದಲ್ಲಿ ಮೊದಲು ಹುಟ್ಟಿದ್ದೇ ಒಬ್ಬ ದಾನಿಯಿಂದ. ನಿಕ್ಕಲ್ ಮತ್ತು ಕಬ್ಬಿಣದ ಉದ್ಯಮದಲ್ಲಿ ಹಣ ಗಳಿಸಿದ್ದ ಫಿಲಡೆಲ್ಫಿಯಾದ ಜೋಸೆಫ್ ವಾರ್ಟನ್ 1881ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ಕೊಟ್ಟು ಈ ಶಾಲೆಯನ್ನು ಸ್ಥಾಪಿಸಿದನು. ಆದರೆ ಅವನ ಮನಸ್ಸಿನಲ್ಲಿದ್ದುದು ಬಡ ವಿದ್ಯಾರ್ಥಿಯಲ್ಲ. ಆಸ್ತಿವಂತರ ಮಕ್ಕಳು ಪಿತ್ರಾರ್ಜಿತವನ್ನು ನಿರ್ವಹಿಸಲು ಅರಿಯದೆ ಹಾಳುಮಾಡುತ್ತಿದ್ದಾರೆ, ಹಳೆಯ ಕಾಲದ ಗುಮಾಸ್ತಗಿರಿಯ ಕಲಿಕೆ ಇನ್ನು ಸಾಲದು ಎಂಬುದು ಅವನ ಚಿಂತೆಯಾಗಿತ್ತು. 1924ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲಿಗೆ ಕಟ್ಟಡಗಳು ಬೇಕಾದಾಗ ನ್ಯೂಯಾರ್ಕಿನ ಬ್ಯಾಂಕರ್ ಜಾರ್ಜ್ ಎಫ್. ಬೇಕರ್ ಅವರಲ್ಲಿಗೆ ಹೋದವರು ಕೇಳಿದ್ದು ಹತ್ತು ಲಕ್ಷ ಡಾಲರ್. ಅವರು ಒಂದು ಪಾಲನ್ನು ಕೊಡಲು ಒಪ್ಪದೆ, ಇಡೀ ವಿದ್ಯಾಲಯವನ್ನು ಕಟ್ಟಿಸುವ ಅವಕಾಶ ತಮಗೊಬ್ಬರಿಗೇ ಸಿಗುವುದಾದರೆ ಐವತ್ತು ಲಕ್ಷವನ್ನೂ ಕೊಡುವೆನೆಂದರು, ಕೊಟ್ಟರು. ಗುಮಾಸ್ತೆಯಾಗಿ ಜೀವನ ಆರಂಭಿಸಿದ ವ್ಯಕ್ತಿ ಅವರು. ದಾನದಲ್ಲಿ ಹೆಸರಿನ ಆಸೆ ಇರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಆದರೆ ಆ ಆಸೆಯಿಂದಲೇ ಕಟ್ಟಡ ಎದ್ದಿತು ಎಂಬುದನ್ನೂ ಮರೆಯಬಾರದು.

ಹೀಗೆ ಉಳ್ಳವರ ಮಕ್ಕಳಿಗಾಗಿ ಹುಟ್ಟಿದ ವಿದ್ಯೆ ಉಳ್ಳವರಲ್ಲೇ ಸುತ್ತುವಂತಾಯಿತು. ಮುಂದಿನ ದಾನಿಗಳು ವಿದ್ಯಾರ್ಥಿವೇತನದ ಕಡೆಗೆ ತಿರುಗಿದ್ದು ಈ ಸುತ್ತನ್ನು ಒಡೆಯುವುದಕ್ಕಾಗಿ ಎಂದು ಹೇಳಿದರೆ ತಪ್ಪಾಗದು.

ನಮ್ಮ ದೇಶದ ಕಥೆ ಬೇರೆ. ಏಷ್ಯಾದ ಮೊದಲ ವಾಣಿಜ್ಯ ಕಾಲೇಜೆಂದು ಹೆಸರಾದ ಸಿಡ್ನಹ್ಯಾಮ್ ಕಾಲೇಜು ಮುಂಬಯಿಯಲ್ಲಿ 1913ರಲ್ಲಿ ಆರಂಭವಾಯಿತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಗಳು ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ 1961ರಲ್ಲಿಯೂ ಬೆಂಗಳೂರಿನಲ್ಲಿ 1973ರಲ್ಲಿಯೂ ಹುಟ್ಟಿದವು. ಇವುಗಳ ವೆಚ್ಚದ ದೊಡ್ಡ ಪಾಲನ್ನು ಬಹುಕಾಲ ಸರಕಾರವೇ ವಹಿಸುತ್ತಿತ್ತು. ಶುಲ್ಕ ಕಡಿಮೆಯಿದ್ದುದರಿಂದ ದಾನಿಯ ಅಗತ್ಯ ಅಷ್ಟಾಗಿ ಕಾಣಲಿಲ್ಲ. ನಿಜವಾಗಿ ನೋಡಿದರೆ ಆಗ ದಾನಿಯ ಸ್ಥಾನದಲ್ಲಿದ್ದವನು ತೆರಿಗೆ ಕಟ್ಟುವ ಸಾಮಾನ್ಯ ಪ್ರಜೆ.

1990ರ ದಶಕದಿಂದ ಈಚೆಗೆ ಈ ವ್ಯವಸ್ಥೆ ಬದಲಾಯಿತು. ಸಂಸ್ಥೆಗಳು ಸ್ವಂತ ಕಾಲಿನ ಮೇಲೆ ನಿಲ್ಲತೊಡಗಿದವು, ಶುಲ್ಕ ಏರಿತು. 2004ರ ಫೆಬ್ರವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿಯವರು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷವಿದ್ದ ಶುಲ್ಕವನ್ನು 30,000 ರೂಪಾಯಿಗಳಿಗೆ ಇಳಿಸಬೇಕೆಂದು ಆಜ್ಞೆ ಹೊರಡಿಸಿದಾಗ ದೇಶವೆಲ್ಲ ಚರ್ಚೆ ನಡೆಯಿತು. ಬಡವರಿಗೆ ಬಾಗಿಲು ತೆರೆಯಬೇಕೆಂಬುದು ಸರಕಾರದ ವಾದ. ಶುಲ್ಕ ಇಳಿಸಿದರೆ ಶ್ರೀಮಂತನ ಮಗನಿಗೂ ಅಷ್ಟೇ ರಿಯಾಯಿತಿ ಸಿಕ್ಕಂತಾಗುತ್ತದೆ, ಸಂಸ್ಥೆಯು ಸರಕಾರದ ಕೈ ಕಾಯುವಂತಾಗುತ್ತದೆ, ಅಗತ್ಯವಿದ್ದವನಿಗೆ ವಿದ್ಯಾರ್ಥಿವೇತನ ಕೊಡುವುದೇ ಮೇಲು ಎಂಬುದು ಸಂಸ್ಥೆಗಳ ಪ್ರತಿವಾದ. ಅಹಮದಾಬಾದಿನ ಸಂಸ್ಥೆಯ ಆಡಳಿತ ಮಂಡಲಿಗೆ ಆಗ ನಮ್ಮವರೇ ಆದ ಎನ್. ಆರ್. ನಾರಾಯಣ ಮೂರ್ತಿಯವರು ಅಧ್ಯಕ್ಷರಾಗಿದ್ದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಷ್ಟರಲ್ಲಿ ಚುನಾವಣೆ ನಡೆದು, ಹೊಸ ಸಚಿವ ಅರ್ಜುನ್ ಸಿಂಗ್ ಅವರು ಆಜ್ಞೆಯನ್ನು ಹಿಂದಕ್ಕೆ ಪಡೆದರು.

ಆ ವಾದದಲ್ಲಿ ಸಂಸ್ಥೆಗಳ ಪಕ್ಷವೇ ಹೆಚ್ಚು ಸಮಂಜಸವಾಗಿತ್ತೆಂದು ನನ್ನ ಅಭಿಪ್ರಾಯ. ಆದರೆ ಆ ವಾದವನ್ನು ಮಾಡಿದವರು ಒಂದು ಹೊಣೆಯನ್ನೂ ಹೊತ್ತುಕೊಂಡರು. 2008ರಲ್ಲಿ ಅಹಮದಾಬಾದಿನ ಎರಡು ವರ್ಷದ ಶುಲ್ಕ ಹನ್ನೊಂದೂವರೆ ಲಕ್ಷವಾಯಿತು. ಈಗ ಅದು ಇಪ್ಪತ್ತು ಲಕ್ಷವನ್ನು ದಾಟಿದೆ. ಶುಲ್ಕವನ್ನು ಮೇಲಕ್ಕೆ ಬಿಟ್ಟು ವಿದ್ಯಾರ್ಥಿವೇತನದ ನಿಧಿಯನ್ನು ಬೆಳೆಸದಿದ್ದರೆ 2004ರ ಮಾತು ಬರಿಯ ಮಾತಾಗುತ್ತದೆ. ಭಾರತದ ಬಿಸಿನೆಸ್ ಸ್ಕೂಲುಗಳಿಗೆ ದಾನಿ ಬೇಕಾದದ್ದು ಈ ಹಂತದಲ್ಲಿ.

ಇನ್ನು ಸಾಲದ ವಿಷಯ. ಬ್ಯಾಂಕು ಸಾಲ ಕೊಡುತ್ತದೆ ಎಂಬುದು ಸತ್ಯ. ಹೆಸರಾಂತ ಸಂಸ್ಥೆಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಆ ಪಟ್ಟಿಯಲ್ಲಿರುವ ಸಂಸ್ಥೆಗೆ ಪ್ರವೇಶ ದೊರೆತವರಿಗೆ ಮನೆ ಜಮೀನುಗಳ ಅಡಮಾನವಿಲ್ಲದೆ ದೊಡ್ಡ ಮೊತ್ತವನ್ನು ಮಂಜೂರು ಮಾಡುವ ಯೋಜನೆಗಳು ಉಂಟು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ಆರಂಭವಾಗುವವರೆಗೆ ಶೇಕಡಾ 3ರಷ್ಟು ಬಡ್ಡಿಯ ಸಹಾಯವೂ ಇದೆ. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ.

ಶುಲ್ಕ, ವಸತಿ, ಊಟ ಎಲ್ಲ ಸೇರಿ ಇಪ್ಪತ್ತು ಲಕ್ಷದ ಸಾಲ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಹತ್ತು, ಎರಡನೆಯ ವರ್ಷ ಹತ್ತು. ಬಡ್ಡಿ ಶೇಕಡಾ 9. ಓದು ಮುಗಿದು ಒಂದು ವರ್ಷವಾದ ಮೇಲೆ ಕಂತು ಆರಂಭ. ಅಲ್ಲಿಯವರೆಗೆ ಸರಳ ಬಡ್ಡಿಯೇ ನಾಲ್ಕೂವರೆ ಲಕ್ಷವಾಗುತ್ತದೆ. ಇಪ್ಪತ್ತು ಈಗ ಇಪ್ಪತ್ತನಾಲ್ಕೂವರೆ ಆಯಿತು. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 31,000 ರೂಪಾಯಿ. ಕೊನೆಯ ಕಂತಿನ ಹೊತ್ತಿಗೆ ಕಟ್ಟಿದ ಒಟ್ಟು ಹಣ 37 ಲಕ್ಷದಷ್ಟು. ತಿಂಗಳಿಗೆ ಎರಡು ಲಕ್ಷ ಸಂಬಳ ತರುವವನಿಗೆ ಇದು ಹೊರೆಯಲ್ಲ. ಆದರೆ ಆ ಕಾಲೇಜಿನಿಂದ ಹೊರಬಂದವರೆಲ್ಲರೂ ಎರಡು ಲಕ್ಷ ತರಲೇಬೇಕು, ಬೇರೆ ಯಾವ ದಾರಿಯನ್ನೂ ಹಿಡಿಯಕೂಡದು ಎಂದು ಈ ಕಂತು ಸದ್ದಿಲ್ಲದೆ ಕಟ್ಟಳೆ ಮಾಡುತ್ತದೆ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಸಣ್ಣ ಕಾರ್ಖಾನೆಯೊಂದನ್ನು ಎತ್ತಿ ನಿಲ್ಲಿಸಬಲ್ಲವನು, ಹಾಲಿನ ಸಹಕಾರ ಸಂಘದ ಲೆಕ್ಕವನ್ನು ಸರಿಪಡಿಸಬಲ್ಲವಳು, ಆಸ್ಪತ್ರೆಯೊಂದರ ಆಡಳಿತವನ್ನು ಕಡಿಮೆ ಸಂಬಳಕ್ಕೆ ವಹಿಸಿಕೊಳ್ಳಬೇಕೆಂದಿದ್ದವನು, ಎಲ್ಲರೂ ಕಂತಿನ ಭಯದಿಂದ ಅದೇ ನಾಲ್ಕಾರು ದೊಡ್ಡ ಕಂಪನಿಗಳ ಬಾಗಿಲಲ್ಲಿ ಸಾಲುಗಟ್ಟುತ್ತಾರೆ.

ಇದಕ್ಕಿಂತ ಮೊದಲಿನ ಇನ್ನೊಂದು ಹಂತವಿದೆ. ಅದನ್ನು ಅಂಕಿ ಅಂಶಗಳಲ್ಲಿ ಕಾಣುವುದು ಕಷ್ಟ. ಸಾಲ ಸಿಗುತ್ತದೆಂದು ತಿಳಿದೂ ಸಾಲಕ್ಕೆ ಅಂಜಿ ಹಿಂದೆ ಸರಿಯುವವರ ಹಂತ. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಗೆ ಕುಂದಾಪುರದ ಕಡೆಯವರೊಬ್ಬರು ಬಂದಿದ್ದರು. ಐವತ್ತೇಳರ ವಯಸ್ಸು, ಹೋಟೆಲೊಂದರಲ್ಲಿ ಕ್ಯಾಷಿಯರ್. ಮಗನಿಗೆ ದೊಡ್ಡ ಸಂಸ್ಥೆಯೊಂದರಲ್ಲಿ ಸೀಟು ದೊರೆತ ಪತ್ರವನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿ ತಂದಿದ್ದರು. ನಾನು ಅಭಿನಂದಿಸಿ, ಸಾಲದ ನಿಯಮಗಳನ್ನು ವಿವರಿಸಿದೆ. ತಂದೆಯೂ ಸಹಸಾಲಗಾರನಾಗಿ ಸಹಿ ಹಾಕಬೇಕೆಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನೀವು ಸಾಲ ಕೊಡ್ತೀರಿ ಸಾರ್, ಅದು ಗೊತ್ತುಂಟು. ಇನ್ನು ಒಂದು ವರ್ಷಕ್ಕೆ ನನ್ನ ಕೆಲಸ ಮುಗೀತದೆ. ಇದು ತೀರುವ ತನಕ ಮಗಳ ಮದುವೆ ಹೇಗೆ ಮಾಡುವುದು, ಅದೊಂದು ಹೇಳಿ" ಎಂದರು. ನನ್ನ ಬಳಿಯಿದ್ದ ಯಾವ ನಮೂನೆಯಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಹುಡುಗ ಆ ವರ್ಷ ಸೇರಲಿಲ್ಲ. ಇದ್ದ ಕೆಲಸದಲ್ಲೇ ಮುಂದುವರಿದ. ಬ್ಯಾಂಕಿನ ಪುಸ್ತಕದಲ್ಲಿ ಇದು ಎಲ್ಲಿಯೂ ದಾಖಲಾಗುವುದಿಲ್ಲ, ಏಕೆಂದರೆ ಅರ್ಜಿಯೇ ಬಂದಿರಲಿಲ್ಲ.

ಮನೆಯಲ್ಲಿ ನಾಲ್ಕು ತಲೆಮಾರುಗಳಿಂದ ವ್ಯಾಪಾರ ಮಾಡಿದವರು ಸಾಲವನ್ನು ಒಂದು ಉಪಕರಣವೆಂದು ಕಾಣುತ್ತಾರೆ. ಸಂಬಳದ ಮೇಲೆ ಬದುಕಿದ ಮನೆಯವರಿಗೆ ಅದು ಮಾನದ ಪ್ರಶ್ನೆ. ಒಂದೇ ಬಡ್ಡಿ, ಒಂದೇ ಕಂತು. ಆದರೂ ಇಬ್ಬರಿಗೆ ಅದರ ತೂಕ ಬೇರೆ ಬೇರೆ. ವಿದ್ಯಾರ್ಥಿವೇತನ ಕೊಡುವ ದಾನಿ ಈ ತೂಕದ ವ್ಯತ್ಯಾಸವನ್ನು ತಗ್ಗಿಸಲು ಹಣ ಕೊಡುತ್ತಾನೆ. ನಾಳೆಯ ಸಂಬಳಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ಒಂದು ಪ್ರಯೋಗವನ್ನು ಉದಾಹರಿಸುತ್ತೇನೆ. ಅದು ನಡೆದದ್ದು ಬಿಸಿನೆಸ್ ಸ್ಕೂಲಿನಲ್ಲಲ್ಲ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಲ್ಲಿ. ಆದರೆ ಹೆಚ್ಚಿನ ಶುಲ್ಕ, ಹೆಚ್ಚಿನ ಸಂಬಳ ಎರಡರಲ್ಲಿಯೂ ಈ ವಿದ್ಯಾಲಯಗಳು ಅಣ್ಣತಮ್ಮಂದಿರು. ಅಲ್ಲಿ ಲಾಟರಿ ಎತ್ತಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಾಲ. ಓದಿದ ನಂತರ ಕಡಿಮೆ ಸಂಬಳದ ಸಾರ್ವಜನಿಕ ಸೇವೆಗೆ ಸೇರಿದರೆ ಆ ಸಾಲ ಮನ್ನಾ. ಇನ್ನೊಂದು ಗುಂಪಿಗೆ ಮೊದಲೇ ಶುಲ್ಕದ ವಿನಾಯಿತಿ. ಹೆಚ್ಚು ಸಂಬಳದ ಖಾಸಗಿ ಕೆಲಸಕ್ಕೆ ಹೋದರೆ ಹಣ ಹಿಂದಿರುಗಿಸಬೇಕು. ಹಣದ ದೃಷ್ಟಿಯಿಂದ ಎರಡೂ ಸಮಾನ. ಅಕೌಂಟೆಂಟನು ಎರಡರ ನಡುವೆ ಭೇದ ಕಾಣಲಾರ. ಆದರೆ ಎರಿಕಾ ಫೀಲ್ಡ್ ಎಂಬ ಅರ್ಥಶಾಸ್ತ್ರಜ್ಞೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶುಲ್ಕದ ವಿನಾಯಿತಿ ಪಡೆದವರು ಸಾರ್ವಜನಿಕ ಸೇವೆಗೆ ಸೇರಿದ ಪ್ರಮಾಣ ಸಾಲ ಪಡೆದವರದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚಾಗಿತ್ತು. ಸಾಲವೆಂಬ ಹೆಸರಿಗೇ ಮನುಷ್ಯ ಅಂಜುತ್ತಾನೆ. ಆ ಅಂಜಿಕೆ ಅವನ ವೃತ್ತಿಯನ್ನು ನಿರ್ಧರಿಸುತ್ತದೆ.

ಹಾರ್ವರ್ಡ್ ಬಿಸಿನೆಸ್ ಸ್ಕೂಲು ಈ ಪಾಠವನ್ನು ಅರಿತಂತೆ ಕಾಣುತ್ತದೆ. ಅಲ್ಲಿ ಜಾಣತನಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ, ಪ್ರವೇಶ ಪಡೆದವರೆಲ್ಲ ಜಾಣರೇ ಎಂಬುದು ಅವರ ಮತ. ಅಗತ್ಯವೊಂದೇ ಅಳತೆ. 2022ರಲ್ಲಿ ಆ ವಿದ್ಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟು, ಅತ್ಯಂತ ಹೆಚ್ಚಿನ ಅಗತ್ಯವುಳ್ಳ ಸುಮಾರು ಶೇಕಡಾ 10ರಷ್ಟು ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವನ್ನು ಪೂರ್ಣವಾಗಿ ಭರಿಸುವುದಾಗಿ ಪ್ರಕಟಿಸಿತು. ಆಗ ಅಲ್ಲಿನ ಶುಲ್ಕ ವರ್ಷಕ್ಕೆ 76,000 ಡಾಲರ್. ಈ ಹಣದ ಬಹುಭಾಗ ಹಳೆಯ ವಿದ್ಯಾರ್ಥಿಗಳ ಕೊಡುಗೆಗಳಿಂದಲೂ ಅವುಗಳಿಂದ ಬೆಳೆದ ದತ್ತಿನಿಧಿಯಿಂದಲೂ ಬರುವಂಥದು.

ಹಳೆಯ ವಿದ್ಯಾರ್ಥಿ ಏಕೆ ಕೊಡುತ್ತಾನೆ? ನಮ್ಮ ಹಿರಿಯರು ಋಷಿಋಣವೆಂದು ಕರೆದದ್ದನ್ನು ಅವನು ತನ್ನ ರೀತಿಯಲ್ಲಿ ತೀರಿಸುತ್ತಾನೆ. ಸ್ಟ್ಯಾನ್‌ಫರ್ಡ್‌ನಲ್ಲಿ 1962ರಲ್ಲಿ ಎಂ.ಬಿ.ಎ. ಮುಗಿಸಿದ ಫಿಲ್ ನೈಟ್ ಎಂಬಾತ ತರಗತಿಯ ಒಂದು ಪ್ರಬಂಧದಲ್ಲಿ, ಜಪಾನಿನಲ್ಲಿ ತಯಾರಾದ ಓಟದ ಬೂಟುಗಳು ಜರ್ಮನಿಯ ಬೂಟುಗಳನ್ನು ಮಾರುಕಟ್ಟೆಯಲ್ಲಿ ಹಿಂದೆ ಹಾಕಬಲ್ಲವೆಂದು ವಾದಿಸಿದ್ದರು. ಆ ಪ್ರಬಂಧದ ಕಲ್ಪನೆಯೇ ಮುಂದೆ ನೈಕಿ ಕಂಪನಿಯಾಯಿತು. ನೈಟ್ 2006ರಲ್ಲಿ ತಮ್ಮ ಬಿಸಿನೆಸ್ ಸ್ಕೂಲಿಗೆ ಹತ್ತೂವರೆ ಕೋಟಿ ಡಾಲರ್ ಕೊಟ್ಟರು. 2016ರಲ್ಲಿ ಆ ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳ ವೇತನಕ್ಕಾಗಿ ನಲವತ್ತು ಕೋಟಿ ಡಾಲರ್ ಘೋಷಿಸಿದರು. ನಮ್ಮಲ್ಲಿಯೂ ಈ ಸಂಪ್ರದಾಯ ಬೇರೂರುತ್ತಿದೆ. 2020ರಲ್ಲಿ ಅಹಮದಾಬಾದ್ ಸಂಸ್ಥೆಯ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಸೇರಿ ನೂರು ಕೋಟಿ ರೂಪಾಯಿಗಳ ವಾಗ್ದಾನದೊಂದಿಗೆ ದತ್ತಿನಿಧಿಯೊಂದನ್ನು ಆರಂಭಿಸಿದರು. ಈ ವರ್ಗದಲ್ಲಿ ದಾನ ಕಾಣುವುದಕ್ಕೆ ಕಾರಣವೂ ಸರಳ. ಸಂಪಾದನೆ ಹೆಚ್ಚು, ಸಹಪಾಠಿಗಳ ಬಳಗ ಗಟ್ಟಿ. ಒಬ್ಬ ಕೊಟ್ಟರೆ ಇನ್ನೊಬ್ಬನಿಗೆ ಸುಮ್ಮನಿರುವುದು ಕಷ್ಟ.

ದಾನವನ್ನೇ ಸಾಲದ ರೂಪದಲ್ಲಿ ಕೊಟ್ಟ ಮಹನೀಯರೊಬ್ಬರು ನಮ್ಮ ಮುಂಬಯಿಯಲ್ಲೇ ಇದ್ದರು. ಜೆಮ್‌ಷೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ಜೆ. ಎನ್. ಟಾಟಾ ಎಂಡೋಮೆಂಟ್, ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೋಗುವವರಿಗೆ ಸಾಲ ರೂಪದ ವಿದ್ಯಾರ್ಥಿವೇತನವನ್ನು ಕೊಡುತ್ತದೆ. ಪಡೆದವನು ದುಡಿಯತೊಡಗಿದ ಮೇಲೆ ಹಿಂದಿರುಗಿಸುತ್ತಾನೆ. ಆ ಹಣ ಮುಂದಿನವನಿಗೆ ಸಲ್ಲುತ್ತದೆ. ಭಿಕ್ಷೆಯೆಂಬ ಭಾವನೆ ಇಲ್ಲ, ಮೂಲಧನವೂ ಕರಗುವುದಿಲ್ಲ. ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿಗೆ ಹೋದದ್ದು, ತುಮಕೂರು ಜಿಲ್ಲೆಯವರಾದ ಅಣುವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಟಾಟಾ ವಿದ್ಯಾರ್ಥಿಗಳಾಗಿ. ಇಂದು ಮ್ಯಾನೇಜ್‌ಮೆಂಟ್ ಓದಲು ಹೊರಟವರೂ ಈ ನೆರವಿಗೆ ಅರ್ಜಿ ಹಾಕಬಹುದು. ವಾಣಿಜ್ಯ ಓದಿದವನಾಗಿ ನನಗೆ ಈ ಪದ್ಧತಿಯಲ್ಲಿ ವಿಶೇಷ ಮೆಚ್ಚುಗೆ. ನಾಳೆ ಸಂಪಾದಿಸುವವನಿಗೆ ಇಂದು ಏಕೆ ಎಂಬ ಪ್ರಶ್ನೆಗೆ ನೂರಮೂವತ್ತು ವರ್ಷಗಳ ಹಿಂದೆಯೇ ಜೆಮ್‌ಷೇಟ್‌ಜಿಯವರು ವ್ಯವಹಾರದ ಉತ್ತರವೊಂದನ್ನು ಕೊಟ್ಟುಬಿಟ್ಟಿದ್ದಾರೆ.

ಇನ್ನೊಂದು ಬಗೆಯ ದಾನಿಗಳಿಗೆ ಸಮಾಜದ ಏರುಪೇರಿನ ಚಿಂತೆ. ಅಮೆರಿಕದ ಕಂಪನಿಗಳಲ್ಲಿ ಕರಿಯ ಜನಾಂಗದ ಅಧಿಕಾರಿಗಳು ಕಾಣಸಿಗುವುದೇ ಅಪರೂಪವಾಗಿದ್ದ ಕಾಲದಲ್ಲಿ, 1966ರಲ್ಲಿ, ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟರ್ಲಿಂಗ್ ಷೋನ್ ಎಂಬುವರು ಮೂರು ವಿಶ್ವವಿದ್ಯಾಲಯಗಳನ್ನು ಕೂಡಿಸಿ ಒಂದು ಒಕ್ಕೂಟವನ್ನು ಕಟ್ಟಿದರು. ಕಂಪನಿಗಳಿಂದಲೂ ಪ್ರತಿಷ್ಠಾನಗಳಿಂದಲೂ ಹಣ ಎತ್ತಿ ಕರಿಯ ತರುಣರನ್ನು ಬಿಸಿನೆಸ್ ಸ್ಕೂಲಿಗೆ ಸೇರಿಸಿದರು. 1967ರ ಮೊದಲ ತಂಡದಲ್ಲಿದ್ದವರು 21 ಮಂದಿ. ಮುಂದೆ ಈ ಒಕ್ಕೂಟ ಬೆಳೆದು ಅನೇಕ ವಿಶ್ವವಿದ್ಯಾಲಯಗಳನ್ನು ಒಳಗೊಂಡಿತು. ಕಂಪನಿಗಳು ಏಕೆ ಕೊಟ್ಟವೆಂದರೆ, ಒಬ್ಬ ಮ್ಯಾನೇಜರನು ಮುಂದೆ ನೂರಾರು ಜನರನ್ನು ನೇಮಿಸುತ್ತಾನೆ, ಯಾರಿಗೆ ಸಾಲ, ಯಾರಿಗೆ ಗುತ್ತಿಗೆ ಎಂದು ತೀರ್ಮಾನಿಸುತ್ತಾನೆ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದು ಅವನೊಬ್ಬನ ಸಂಬಳದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸ್ವಾರ್ಥವಿಲ್ಲವೆ? ಧಾರಾಳವಾಗಿ ಇದೆ. ಉದ್ಯಮ ಸಮೂಹಗಳು ವಿದ್ಯಾರ್ಥಿವೇತನ ಕೊಡುವಾಗ ಪ್ರತಿಭಾವಂತರ ಕಣ್ಣಿಗೆ ಮೊದಲೇ ಬೀಳಬೇಕೆಂಬ ಉದ್ದೇಶ ಇದ್ದೇ ಇರುತ್ತದೆ. 1999ರಲ್ಲಿ ಆರಂಭವಾದ ಆದಿತ್ಯ ಬಿರ್ಲಾ ವಿದ್ಯಾರ್ಥಿವೇತನ ಮ್ಯಾನೇಜ್‌ಮೆಂಟ್, ಎಂಜಿನಿಯರಿಂಗ್ ಮೊದಲಾದ ಕ್ಷೇತ್ರಗಳ ಅಗ್ರಗಣ್ಯ ವಿದ್ಯಾರ್ಥಿಗಳನ್ನು ಪ್ರತಿಭೆಯ ಆಧಾರದ ಮೇಲೆ ಆರಿಸುತ್ತ ಬಂದಿದೆ. ಅದು ಗೌರವದ ಪದಕವಿದ್ದಂತೆ. ರಿಲಯನ್ಸ್ ಸಂಸ್ಥೆಯು ಧೀರೂಭಾಯಿ ಅಂಬಾನಿಯವರ ಹೆಸರಿನಲ್ಲಿ ಸ್ಟ್ಯಾನ್‌ಫರ್ಡಿನ ಎಂ.ಬಿ.ಎ.ಗೆ ಏರ್ಪಡಿಸಿದ ವೇತನದ ಷರತ್ತು ಬೇರೆ ಬಗೆಯದು: ಪಡೆದ ಭಾರತೀಯ ವಿದ್ಯಾರ್ಥಿ ಓದು ಮುಗಿದ ಎರಡು ವರ್ಷಗಳೊಳಗೆ ಸ್ವದೇಶಕ್ಕೆ ಮರಳಿ ಕನಿಷ್ಠ ಎರಡು ವರ್ಷ ದುಡಿಯಬೇಕು. ಪ್ರತಿಭೆ ಹೊರದೇಶಗಳಿಗೆ ಹರಿದು ಹೋಗುತ್ತದೆಂದು ಹಲುಬುವವರು ಈ ಷರತ್ತನ್ನು ಗಮನಿಸಬೇಕು.

ತೆರಿಗೆ ಉಳಿಸಲು ಕೊಡುತ್ತಾರೆ ಎಂಬ ಮಾತೂ ಬಹಳ ಪ್ರಚಾರದಲ್ಲಿದೆ. ಇದರಲ್ಲಿ ಸತ್ಯಾಂಶ ಅತ್ಯಲ್ಪ. 80ಜಿ ಎಂದು ದೀರ್ಘಕಾಲ ಪ್ರಸಿದ್ಧವಾದ ರಿಯಾಯಿತಿಯಲ್ಲಿ ಸಾಮಾನ್ಯ ಧರ್ಮಾರ್ಥ ಸಂಸ್ಥೆಗೆ ನೂರು ರೂಪಾಯಿ ಕೊಟ್ಟರೆ ಐವತ್ತು ಆದಾಯದಿಂದ ಕಳೆಯುತ್ತದೆ. ಶೇಕಡಾ 30ರ ದರದಲ್ಲಿ ಉಳಿಯುವುದು ಹದಿನೈದು ರೂಪಾಯಿ ಮಾತ್ರ. ಎಂಬತ್ತೈದು ಕಿಸೆಯಿಂದಲೇ ಹೋಗುತ್ತದೆ. ಕಡಿಮೆ ದರದ ಹೊಸ ತೆರಿಗೆ ಪದ್ಧತಿಯನ್ನು ಹಿಡಿದವರಿಗೆ ಆ ಹದಿನೈದೂ ಇಲ್ಲ. ಕಂಪನಿಗಳ ವಿಷಯದಲ್ಲಿ ಕಾನೂನಿನ ಒತ್ತಾಯ ಉಂಟು. 2013ರ ಕಂಪನಿ ಕಾಯಿದೆಯ 135ನೆಯ ವಿಧಿ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದು, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ವಿದ್ಯೆ ಅದರ ಪಟ್ಟಿಯಲ್ಲಿದೆ. ಸ್ವಂತ ನೌಕರರಿಗಷ್ಟೇ ಲಾಭವಾಗುವ ಖರ್ಚು ಆ ಲೆಕ್ಕಕ್ಕೆ ಬಾರದು.

ಈ ಎಲ್ಲ ದಾನಗಳೂ ಸಮಾನವಾಗಿ ಸಫಲವೆಂದು ನಾನು ಹೇಳಲಾರೆ. ಮೊದಲ ದರ್ಜೆಯ ವಿದ್ಯಾರ್ಥಿಗೆ, ಅವನ ಮನೆಯ ಸ್ಥಿತಿಯನ್ನು ಕೇಳದೆ ಕೊಡುವ ಬಹುಮಾನದಿಂದ ದಾನಿಯ ಹೆಸರು ಬೆಳಗುತ್ತದೆ. ಆ ವಿದ್ಯಾರ್ಥಿ ಅದಿಲ್ಲದೆಯೂ ಓದುತ್ತಿದ್ದ. ಹೋಗದೆ ಉಳಿದುಬಿಡುತ್ತಿದ್ದವನು ಹೋಗುವಂತಾದರೆ ಮಾತ್ರ ಆ ಹಣ ಕೆಲಸ ಮಾಡಿದೆ ಎನ್ನಬಹುದು. ಇನ್ನೊಂದು ದೋಷ ಇಡುಗಂಟಿಗೆ ಸಂಬಂಧಿಸಿದ್ದು. ಐವತ್ತು ವರ್ಷಗಳ ಹಿಂದೆ ಎರಡು ಸಾವಿರ ರೂಪಾಯಿ ಠೇವಣಿಯಿಟ್ಟು ತಂದೆಯ ಹೆಸರಿನಲ್ಲಿ ವೇತನ ಸ್ಥಾಪಿಸಿದಾಗ ಅದು ದೊಡ್ಡ ಮೊತ್ತವೇ ಆಗಿತ್ತು. ಇಂದು ಶೇಕಡಾ 7ರ ಬಡ್ಡಿಯಲ್ಲಿ ವರ್ಷಕ್ಕೆ 140 ರೂಪಾಯಿ ಬರುತ್ತದೆ. ಎರಡು ನೋಟ್‌ಬುಕ್ಕಿಗೂ ಸಾಲದು. ಬಡ್ಡಿಯನ್ನೆಲ್ಲ ಹಂಚಿ ಬರಿಗೈ ಮಾಡಿಕೊಂಡರೆ ಯಾವ ದತ್ತಿಗೂ ಇದೇ ಗತಿ. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ನಿಧಿಯ ಶೇಕಡಾ 4ರಿಂದ 5ರಷ್ಟನ್ನು ಮಾತ್ರ ವರ್ಷಕ್ಕೆ ವ್ಯಯಿಸಿ, ಉಳಿದ ಆದಾಯವನ್ನು ಮೂಲಕ್ಕೆ ಸೇರಿಸಿ, ಬೆಲೆಯೇರಿಕೆಯ ಜತೆ ನಿಧಿಯೂ ಬೆಳೆಯುವಂತೆ ನೋಡಿಕೊಳ್ಳುತ್ತವೆ. ನಮ್ಮ ಸಂಘಗಳ ಖಜಾಂಚಿಗಳು ಈ ಒಂದು ಪದ್ಧತಿಯನ್ನಾದರೂ ಅನುಕರಿಸಬಹುದು.

ಮುಂಬಯಿಯ ಕನ್ನಡಿಗರಿಗೆ ಇವೆಲ್ಲ ಅಪರಿಚಿತ ವಿಚಾರಗಳೇನಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಇಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವರು ನಮ್ಮ ಹಿರಿಯರು. ಅಲ್ಲಿ ಕಲಿತು ಬ್ಯಾಂಕು, ವಿಮೆ, ರೈಲ್ವೆಗಳಲ್ಲಿ ಮೇಲೇರಿದವರು ಅನೇಕರು. ಆ ಹುಡುಗರೂ ನಾಳೆ ಸಂಪಾದಿಸುವವರೇ ಆಗಿದ್ದರು. ಅದಕ್ಕಾಗಿ ಅವರಿಗೆ ದೀಪದ ಎಣ್ಣೆಯನ್ನು ಯಾರೂ ನಿರಾಕರಿಸಲಿಲ್ಲ. ಈಗ ಅವರ ಮೊಮ್ಮಕ್ಕಳು ಕ್ಯಾಟ್ ಪರೀಕ್ಷೆ ಬರೆಯುತ್ತಿದ್ದಾರೆ.

ಇಪ್ಪತ್ತು ಲಕ್ಷವನ್ನು ಕೊಡುವ ಶಕ್ತಿ ನಮ್ಮ ಸಂಘಗಳಿಗಿಲ್ಲ. ಅದರ ಅಗತ್ಯವೂ ಇಲ್ಲ. ಬ್ಯಾಂಕಿನ ಸಾಲ ತಲುಪದ ಜಾಗಗಳು ಕೆಲವು ಇವೆ. ನವೆಂಬರಿನಲ್ಲಿ ಪರೀಕ್ಷೆ, ಆ ಮೇಲೆ ಊರೂರಿಗೆ ಸಂದರ್ಶನದ ಪ್ರಯಾಣ, ಏಪ್ರಿಲ್-ಮೇ ತಿಂಗಳಲ್ಲಿ ಪ್ರವೇಶದ ಪತ್ರ. ಪತ್ರ ಬಂದ ಕೆಲವೇ ದಿನಗಳಲ್ಲಿ ಸೀಟನ್ನು ಒಪ್ಪಿಕೊಂಡು ಮುಂಗಡ ಕಟ್ಟಬೇಕು. ಅದು ಲಕ್ಷ ರೂಪಾಯಿಯ ಆಸುಪಾಸಿಗೆ ಹೋಗುವುದುಂಟು. ಸಾಲದ ಅರ್ಜಿ, ದಾಖಲೆಗಳ ಪರಿಶೀಲನೆ, ಮಂಜೂರಾತಿ ಇವೆಲ್ಲ ಮುಗಿಯುವ ಮೊದಲೇ ಆ ಗಡುವು ತೀರಿರುತ್ತದೆ. ಆಗ ಆ ಮನೆಯವರು ಚಿನ್ನವನ್ನು ಅಡವಿಡುತ್ತಾರೆ, ಇಲ್ಲವೆ ಬಿಟ್ಟುಬಿಡುತ್ತಾರೆ. ಆ ಲಕ್ಷವನ್ನು ಸಂಘ ಮೇ ತಿಂಗಳಲ್ಲಿ ಬಡ್ಡಿಯಿಲ್ಲದ ಕೈಗಡವಾಗಿ ಕೊಟ್ಟರೆ, ಹುಡುಗನೋ ಹುಡುಗಿಯೋ ಸಂಬಳ ಬಂದ ಮೇಲೆ ಹಿಂದಿರುಗಿಸಿದರೆ, ಅದೇ ಹಣ ಮೂರನೆಯ ವರ್ಷಕ್ಕೋ ನಾಲ್ಕನೆಯ ವರ್ಷಕ್ಕೋ ಇನ್ನೊಂದು ಮನೆಗೆ ಹೋಗುತ್ತದೆ. ನಮ್ಮಲ್ಲಿ ಈಗ ನಡೆಯುತ್ತಿರುವುದು ಬೇರೆ. ಅಂಕಪಟ್ಟಿಯ ನಕಲು ತರಿಸಿ, ನವೆಂಬರಿನ ರಾಜ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ, ಐದು ಸಾವಿರದ ಚೆಕ್ಕನ್ನು ಛಾಯಾಚಿತ್ರಕ್ಕೆ ಹಿಡಿದು ಕೊಡುತ್ತೇವೆ. ಅಷ್ಟರಲ್ಲಿ ತರಗತಿಗಳು ಆರಂಭವಾಗಿ ಐದು ತಿಂಗಳು ಕಳೆದಿರುತ್ತವೆ.